ಒಂದೇ ಬಯಲು, ಎರಡು ಸಂಜೆ: ಜಾತ್ರೆಯ ಮೇಲೆ ಬಂದ ಗುಡುಗುಸಾಲಿನ ಪ್ರಕರಣ

ಹಿನ್ನೆಲೆ

ದಕ್ಷಿಣ ಒಳನಾಡಿನ ಒಂದು ಬಯಲು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ಏಪ್ರಿಲ್ ಮೂರನೇ ವಾರ, ಅಶ್ವಿನಿ ಮಳೆಯ ದಿನಗಳು. ಎರಡು ದಿನದ ಜಾತ್ರೆ: ಮೊದಲ ಸಂಜೆ ಚಿಕ್ಕ ತೇರು, ರಾತ್ರಿ ಪೌರಾಣಿಕ ನಾಟಕ; ಮರುದಿನ ಸಂಜೆ 4.30ಕ್ಕೆ ದೊಡ್ಡ ತೇರು. ಜಾತ್ರಾ ಸಮಿತಿಯವರು ಒಂದು ಹವಾಮಾನ ಸಲಹಾ ತಂಡದಿಂದ ಎರಡೂ ದಿನದ ಮುನ್ಸೂಚನೆ ಕೇಳಿದ್ದರು. ಊರು, ದೇವಸ್ಥಾನ, ವರ್ಷ, ತಂಡದ ಹೆಸರು ಇಲ್ಲಿಲ್ಲ. ದೂರ ಮತ್ತು ಅಳತೆಗಳನ್ನು ಗುರುತು ಸಿಗದಷ್ಟು ದುಂಡಗೆ ಮಾಡಲಾಗಿದೆ.

ತಂಡದ ಕೈಯಲ್ಲಿದ್ದದ್ದು ಇಷ್ಟು: ಹತ್ತಿರದ ಕೇಂದ್ರದ ಬೆಳಿಗ್ಗೆ 5.30ರ ಬಲೂನ್ ದತ್ತಾಂಶ (ಉಪಕರಣ ಕಟ್ಟಿ ಹಾರಿಸಿದ ಬಲೂನ್ ಅಳೆದ ಎತ್ತರದ ಉಷ್ಣತೆ, ತೇವ, ಗಾಳಿ), ಅರ್ಧ ಗಂಟೆಗೊಂದು ಉಪಗ್ರಹ ಚಿತ್ರ, ಸುತ್ತಲಿನ ಹೋಬಳಿಗಳಲ್ಲಿ 15 ನಿಮಿಷಕ್ಕೊಮ್ಮೆ ಅಳತೆ ಕಳಿಸುವ ಸ್ವಯಂಚಾಲಿತ ಕೇಂದ್ರಗಳು, ಮತ್ತು 200 ಕಿ.ಮೀ. ದೂರದ ಒಂದು ಡಾಪ್ಲರ್ ರಾಡಾರ್. ರಾಡಾರ್ ಇದೆ ಎಂದರೆ ಎಲ್ಲ ಕಾಣುತ್ತದೆ ಎಂದುಕೊಳ್ಳಬಾರದು. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ, ಭೂಮಿಯ ಬಾಗು ಸೇರಿ, 200 ಕಿ.ಮೀ. ದೂರದಲ್ಲಿ 4 ಕಿ.ಮೀ. ಎತ್ತರ ಮುಟ್ಟಿರುತ್ತದೆ. ಮೋಡದ ಹೊಟ್ಟೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಮಳೆಗಿಂತ ಮೊದಲು ನೆಲಕ್ಕೆ ಒತ್ತಿಕೊಂಡು ಬರುವ ತಣ್ಣನೆ ಗಾಳಿಯ ಅಂಚು, ಅಂದರೆ ಗಸ್ಟ್ ಫ್ರಂಟ್, ಸಾಮಾನ್ಯವಾಗಿ ಒಂದೂವರೆ ಕಿ.ಮೀ.ಗಿಂತ ಕೆಳಗೇ ಇರುವುದರಿಂದ ಈ ರಾಡಾರ್‌ಗೆ ಅದು ಇಲ್ಲವೇ ಇಲ್ಲ.

ಮೊದಲ ದಿನ: ಶಕ್ತಿ ಬೇಕಾದಷ್ಟು, ಗಾಳಿ ಇಲ್ಲ

ಬೆಳಗಿನ ಬಲೂನ್ ದತ್ತಾಂಶವನ್ನು ಮಧ್ಯಾಹ್ನದ ನಿರೀಕ್ಷಿತ 35 ಡಿಗ್ರಿ ಉಷ್ಣತೆ, 18 ಡಿಗ್ರಿ ಇಬ್ಬನಿ ಬಿಂದುವಿಗೆ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ) ಸರಿಹೊಂದಿಸಿದಾಗ ಕೇಪ್, ಅಂದರೆ ಮೇಲೇರುವ ಗಾಳಿಗೆ ಸಿಗುವ ತೇಲುವ ಶಕ್ತಿ, ಕಿಲೋಗೆ 2,400 ಜೂಲ್ ಬಂತು. ಒಳನಾಡಿಗೆ ಇದು ದೊಡ್ಡ ಸಂಖ್ಯೆ. ಮೋಡದ ತಳದ ಲೆಕ್ಕ ಸುಲಭ: ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರದ ಪ್ರತಿ ಡಿಗ್ರಿಗೆ 125 ಮೀಟರ್. 17 ಡಿಗ್ರಿಗೆ ನೆಲದಿಂದ ಸುಮಾರು 2,100 ಮೀಟರ್. ಮೋಡ ಏಳುವುದನ್ನು ತಡೆಯುವ ಬಿಸಿ ಪದರ ಹೆಸರಿಗಷ್ಟೇ ಇತ್ತು, 15 ಜೂಲ್. ನಡುಮಟ್ಟದಲ್ಲಿ ತೇವವೂ ಸಾಕಷ್ಟಿತ್ತು.

ಇಷ್ಟು ನೋಡಿದ ತಂಡ ಬೆಳಿಗ್ಗೆ 9ಕ್ಕೆ ಬರೆದುಕೊಟ್ಟಿತು: ‘ಸಂಜೆ ಗುಡುಗು ಸಹಿತ ಭಾರೀ ಮಳೆ, ಸಾಧ್ಯತೆ ಹೆಚ್ಚು.’ ಸಮಿತಿ ನಾಟಕ ರದ್ದು ಮಾಡಿತು. ಸೀನರಿ ತಂದಿದ್ದ ಲಾರಿ ವಾಪಸ್ ಹೋಯಿತು.

ಸಂಜೆ ಸುತ್ತ 50 ಕಿ.ಮೀ. ದೂರದೊಳಗೆ ಐದು ಗುಡುಗುಮೋಡಗಳು ಎದ್ದವು. ಯಾವುದೂ 40 ನಿಮಿಷಕ್ಕಿಂತ ಹೆಚ್ಚು ಬಾಳಲಿಲ್ಲ. ಒಂದು ಮೋಡ 12 ಕಿ.ಮೀ. ಆಚೆಯ ಹಳ್ಳಿಯ ಮೇಲೆ 46 ಮಿ.ಮೀ. ಸುರಿಸಿತು. ಜಾತ್ರೆ ಬಯಲಿಗೆ ಬಂದದ್ದು ಮೋಡದ ನೆರಳು, ಹತ್ತು ನಿಮಿಷ ತಂಗಾಳಿ. ಒಂದು ಹನಿಯೂ ಬೀಳಲಿಲ್ಲ. ರಾತ್ರಿ ಸಮಿತಿಯ ಕಾರ್ಯದರ್ಶಿಯ ಫೋನ್: “ಮಳೆ ಎಲ್ಲಿ ಸ್ವಾಮಿ? ನಿಮ್ಮ ಮಾತು ನಂಬಿ ನಾಟಕ ನಿಲ್ಸಿದ್ವಿ. ನಾಳೆ ಇಂಥದ್ದು ಹೇಳ್ಬೇಡಿ.”

ಮುನ್ಸೂಚನೆ ತಪ್ಪಿದ್ದು ಮೋಡ ಏಳುತ್ತದೆ ಎಂಬಲ್ಲಿ ಅಲ್ಲ, ಎದ್ದ ಮೋಡ ಹೇಗೆ ಬಾಳುತ್ತದೆ ಎಂಬಲ್ಲಿ. ಅಂದಿನ ಗಾಳಿ ನೋಡಿ: ನೆಲದಲ್ಲಿ ಆಗ್ನೇಯದಿಂದ ಸೆಕೆಂಡಿಗೆ 3 ಮೀಟರ್, 3 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ 4, 6 ಕಿ.ಮೀ.ನಲ್ಲಿ ಪೂರ್ವದಿಂದಲೇ 5. ಎತ್ತರಕ್ಕೆ ಹೋದಂತೆ ಗಾಳಿ ಬದಲಾಗುವುದಕ್ಕೆ ವಿಂಡ್ ಶಿಯರ್ ಎನ್ನುತ್ತಾರೆ. ಅಂದು ಅದು ಇರಲಿಲ್ಲ ಎನ್ನುವಷ್ಟು ಕಡಿಮೆ. ಅಂಥ ದಿನ ಮೋಡ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ, ಮಳೆ ತನ್ನನ್ನು ಹೊತ್ತ ಏರುಗಾಳಿಯ ಮೇಲೇ ಸುರಿಯುತ್ತದೆ. ಒಲೆಯ ಮೇಲಿನ ನೀರು ಉಕ್ಕಿ ಅದೇ ಒಲೆ ಆರಿಸಿದ ಹಾಗೆ. 1946–47ರಲ್ಲಿ ಅಮೆರಿಕದ ಫ್ಲಾರಿಡಾ, ಒಹಾಯೊಗಳಲ್ಲಿ ವಿಮಾನಗಳನ್ನು ಗುಡುಗುಮೋಡಗಳೊಳಕ್ಕೇ ಹಾರಿಸಿ ಮಾಡಿದ ಅಧ್ಯಯನ ಗುರುತಿಸಿದ ಏಳುವುದು, ಬೆಳೆಯುವುದು, ಅಳಿಯುವುದು ಎಂಬ ಮೂರು ಘಟ್ಟಗಳ ಬಾಳು ಇದೇ.

ಕೆಳಗಿಳಿದ ತಣ್ಣನೆ ಗಾಳಿ ಎಲ್ಲ ದಿಕ್ಕಿಗೂ ಹರಡಿತು. ಒಂದು ಹೋಬಳಿ ಕೇಂದ್ರದಲ್ಲಿ ವಾಯುಭಾರ 0.8 ಹೆಕ್ಟೊಪಾಸ್ಕಲ್ (80 ಪಾಸ್ಕಲ್) ಏರಿತ್ತು. ಈ ಏರಿಕೆಯಿಂದ ತಣ್ಣಗಾಳಿಯ ರಾಶಿ ನುಗ್ಗುವ ವೇಗ ತೆಗೆಯಬಹುದು, ರಾಶಿಯ ಎತ್ತರ ಗೊತ್ತಿರಬೇಕಾಗಿಲ್ಲ: ಏರಿಕೆಯನ್ನು ಪಾಸ್ಕಲ್‌ನಲ್ಲಿ ಬರೆದು, ಎರಡರಿಂದ ಗುಣಿಸಿ, ಗಾಳಿಯ ಸಾಂದ್ರತೆಯಿಂದ (ಈ ಎತ್ತರದಲ್ಲಿ ಘನ ಮೀಟರಿಗೆ 1.05 ಕಿಲೋ) ಭಾಗಿಸಿ, ವರ್ಗಮೂಲ ತೆಗೆಯುವುದು. ಅಂಚು ತಾಗಿದ ಕ್ಷಣದ ಜಿಗಿತ ಲೆಕ್ಕಕ್ಕಿಲ್ಲ, ಆಮೇಲೆ ನಿಂತ ಅಂಕಿ ಹಿಡಿಯಬೇಕು. 80 ಪಾಸ್ಕಲ್‌ಗೆ ಸೆಕೆಂಡಿಗೆ 12 ಮೀಟರ್ ಬರುತ್ತದೆ. ಕೆಳಪದರದ ಶಿಯರ್ ಇದ್ದದ್ದು 3. ತಣ್ಣಗಾಳಿ ಮೋಡವನ್ನು ಹಿಂದೆ ಬಿಟ್ಟು ಓಡಿತು, ಮೋಡಕ್ಕೆ ಕೆಳಗಿನಿಂದ ಬಿಸಿಗಾಳಿ ತಪ್ಪಿತು. ಹೊಸ ಮೋಡ ಎದ್ದದ್ದು ಎರಡು ಮೋಡಗಳ ತಣ್ಣಗಾಳಿ ಎದುರುಬದುರಾದ ಕಡೆ. 12 ಕಿ.ಮೀ. ಆಚೆಯ ಹಳ್ಳಿ ಅಂಥ ಜಾಗದಲ್ಲಿತ್ತು. ಆ ಜಾಗ ಯಾವುದೆಂದು ಬೆಳಿಗ್ಗೆ 9ಕ್ಕೆ ಯಾರೂ ಹೇಳಲಾರರು. ಹೇಳಬಹುದಾಗಿದ್ದದ್ದು ಇಷ್ಟು: ‘ಸುತ್ತಮುತ್ತ ನಾಲ್ಕೈದು ಕಡೆ ಜೋರು ಮಳೆ, ಈ ಬಯಲಿಗೇ ಬೀಳುವ ಸಾಧ್ಯತೆ ಐದರಲ್ಲಿ ಒಂದು.’ ಹೀಗೆ ಹೇಳಿದ್ದರೆ ನಾಟಕ ನಡೆಯುತ್ತಿತ್ತೇನೋ.

ಎರಡನೇ ದಿನ ಬೆಳಿಗ್ಗೆ: ಕಳೆಯುವ ಲೆಕ್ಕದಲ್ಲಿ ಆದ ತಪ್ಪು

ಮರುದಿನದ ಕೇಪ್ 1,300 ಜೂಲ್, ಹಿಂದಿನ ದಿನದ ಅರ್ಧ ಚಿಲ್ಲರೆ. ತಡೆಯುವ ಪದರ 60 ಜೂಲ್‌ಗೆ ಏರಿತ್ತು. ನೆಲದಿಂದ ಮೂರರಿಂದ ಐದು ಕಿ.ಮೀ. ನಡುವೆ ಸಾಪೇಕ್ಷ ಆರ್ದ್ರತೆ ಶೇ. 30ಕ್ಕೆ ಇಳಿದಿತ್ತು. ನಿನ್ನೆಯ ಬೈಗುಳ ಕಿವಿಯಲ್ಲಿರುವಾಗ ಇಂಥ ಅಂಕಿ ಸಿಕ್ಕರೆ ಯಾರಿಗಾದರೂ ಖುಷಿಯೇ. ಕರಡು ಸಿದ್ಧವಾಯಿತು: ‘ಅಲ್ಲಲ್ಲಿ ಹಗುರ ಮಳೆ. ತೇರಿಗೆ ತೊಂದರೆ ಇಲ್ಲ.’

ಕರಡಿನ ಬದಿಯಲ್ಲಿ ಶಿಯರ್ ಕೂಡ ಬರೆದಿತ್ತು: ನೆಲದ ಗಾಳಿ 3, 3 ಕಿ.ಮೀ.ನಲ್ಲಿ 9, ವ್ಯತ್ಯಾಸ 6. ತಂಡದ ಎರಡನೆಯವರು ನಿಲ್ಲಿಸಿದ್ದು ಇಲ್ಲಿ. ನೆಲದ ಗಾಳಿ ಆಗ್ನೇಯದಿಂದ ಬರುತ್ತಿತ್ತು, ಮೇಲಿನದು ವಾಯವ್ಯದಿಂದ. ಎದುರುಬದುರು ಗಾಳಿಯಲ್ಲಿ ವೇಗದಿಂದ ವೇಗ ಕಳೆಯುವಂತಿಲ್ಲ, ಕೂಡಬೇಕಾಗುತ್ತದೆ. ಸರಿಯಾದ ದಾರಿ: ಗಾಳಿಯನ್ನು ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣ ಎಂದು ಎರಡು ಪಾಲು ಮಾಡುವುದು. ನೆಲದ ಗಾಳಿ ಪೂರ್ವಕ್ಕೆ −2.1, ಉತ್ತರಕ್ಕೆ +2.1. 3 ಕಿ.ಮೀ.ನ ಗಾಳಿ (310 ಡಿಗ್ರಿಯಿಂದ 9 ಮೀಟರ್) ಪೂರ್ವಕ್ಕೆ +6.9, ಉತ್ತರಕ್ಕೆ −5.8. ಅಂತರ 9.0 ಮತ್ತು −7.9, ಎರಡೂ ಸೇರಿ ಸೆಕೆಂಡಿಗೆ 12 ಮೀಟರ್. 6 ಕಿ.ಮೀ.ನಲ್ಲಿ 290 ಡಿಗ್ರಿಯಿಂದ 15 ಮೀಟರ್ ಗಾಳಿ. ಅಲ್ಲಿಯವರೆಗಿನ ಶಿಯರ್ ಹತ್ತಿರ ಹತ್ತಿರ 18. 3 ಕಿ.ಮೀ.ವರೆಗಿನ ಶಿಯರ್ ಎಂದು ಕರಡಿನಲ್ಲಿದ್ದ 6 ಒಮ್ಮೆಗೇ ಇಮ್ಮಡಿಯಾಯಿತು. ಇಷ್ಟೇ ಸಾಮಾನ್ಯವಾದ ಇನ್ನೊಂದು ಎಡವಟ್ಟಿದೆ: ಬಲೂನ್ ಎತ್ತರಗಳು ಸಮುದ್ರಮಟ್ಟದಿಂದ. 800 ಮೀಟರ್ ಎತ್ತರದ ಊರಿಗೆ ‘3 ಕಿ.ಮೀ. ಗಾಳಿ’ ಬೇಕೆಂದರೆ ಹಾಳೆಯಲ್ಲಿ 3.8 ಕಿ.ಮೀ. ಸಾಲು ನೋಡಬೇಕು.

ಒಂದು ರಾತ್ರಿಯಲ್ಲಿ ಗಾಳಿ ಹೀಗೆ ತಿರುಗಿದ್ದೇಕೆ? ಏಪ್ರಿಲ್‌ನಲ್ಲಿ 500 ಹೆಕ್ಟೊಪಾಸ್ಕಲ್ ಮಟ್ಟದ (ಸುಮಾರು 5.8 ಕಿ.ಮೀ. ಎತ್ತರದ) ಉಪೋಷ್ಣ ವಾಯುಭಾರ ದಿಣ್ಣೆ, ಅಂದರೆ ಹೆಚ್ಚು ಒತ್ತಡದ ಉದ್ದನೆ ಪಟ್ಟಿ, ಪರ್ಯಾಯ ದ್ವೀಪದ ಮೇಲೆ ಸಾಮಾನ್ಯವಾಗಿ 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು ಇರುತ್ತದೆ. 75 ಡಿಗ್ರಿ ರೇಖಾಂಶದ ಮೇಲೆ ಅದು ನಿಂತ ಜಾಗ ನೋಡಿ ಮುಂಗಾರಿನ ದೀರ್ಘಾವಧಿ ಮುನ್ಸೂಚನೆ ಹೇಳುತ್ತಿದ್ದ ಕಾಲವೂ ಇತ್ತು. ದಿಣ್ಣೆಯ ದಕ್ಷಿಣಕ್ಕೆ ಪೂರ್ವದ ಮೆಲುಗಾಳಿ, ಉತ್ತರಕ್ಕೆ ಪಶ್ಚಿಮದ ಗಾಳಿ. ಮೊದಲ ದಿನ ಈ ಬಯಲು ದಿಣ್ಣೆಯ ದಕ್ಷಿಣದಲ್ಲಿತ್ತು. ರಾತ್ರಿ ದಿಣ್ಣೆ ದಕ್ಷಿಣಕ್ಕೆ ಸರಿದು ಬಯಲು ಅದರ ಉತ್ತರಕ್ಕೆ ಬಂತು. ಕೆಳಗೆ ಮಾತ್ರ ಒಳನಾಡಿನುದ್ದಕ್ಕೂ ಇರುವ ಗಾಳಿ ಸಂಧಿಯ (ಎರಡು ದಿಕ್ಕಿನ ಗಾಳಿ ಕೂಡುವ ಗೆರೆಯ) ಪೂರ್ವ ಬದಿಯಲ್ಲಿ ಬಂಗಾಳ ಕೊಲ್ಲಿಯ ತೇವದ ಆಗ್ನೇಯ ಗಾಳಿ ಹಾಗೇ ಮುಂದುವರಿದಿತ್ತು. ಆ ಸಂಧಿ ಬಯಲಿನಿಂದ ವಾಯವ್ಯಕ್ಕೆ 90 ಕಿ.ಮೀ. ದೂರದಲ್ಲಿತ್ತು.

ಶಿಯರ್ ಹೆಚ್ಚಿದ್ದರೆ ಸಾಕು, ಅಪಾಯ ಎಂದಲ್ಲ. ಜುಲೈನಲ್ಲಿ ನಮ್ಮ ತಲೆಯ ಮೇಲೆ ಒಂದೂವರೆ ಕಿ.ಮೀ.ನಲ್ಲಿ ಪಶ್ಚಿಮದ ಬಿರುಗಾಳಿ, 14–16 ಕಿ.ಮೀ.ನಲ್ಲಿ ಪೂರ್ವದ ಜೆಟ್ ಎಂಬ ಅತಿ ವೇಗದ ಗಾಳಿ ಇರುತ್ತದೆ. ಶಿಯರ್ ಲೆಕ್ಕ ಹಾಕಿದರೆ ಏಪ್ರಿಲ್ ನಾಚಬೇಕು. ಆದರೂ ಒಳನಾಡಿಗೆ ಸಿಗುವುದು ಹೆಚ್ಚಾಗಿ ಜಿಟಿಜಿಟಿ. ತೇಲುವ ಶಕ್ತಿ ಕಡಿಮೆ, ನಡುಮಟ್ಟ ಒದ್ದೆ, ಹನಿ ಆವಿಯಾಗಿ ಗಾಳಿ ತಣ್ಣಗಾಗಲು ಜಾಗವೇ ಇಲ್ಲ. ಅಂದು ಏಪ್ರಿಲ್‌ನಲ್ಲಿ ಮೂರೂ ಇದ್ದವು: ಸಾಕಷ್ಟು ಶಕ್ತಿ, ಒಣ ನಡುಪದರ, ಕೆಳಗಿನ ಮೂರು ಕಿ.ಮೀ.ನಲ್ಲೇ ತುಂಬಿಕೊಂಡ ಶಿಯರ್.

ಕರಡು ಬದಲಾಯಿತು: ‘ಮಳೆಯ ಪ್ರಮಾಣ ಸಾಧಾರಣ. ಬಂದರೆ ವಾಯವ್ಯದಿಂದ ಸಾಲಾಗಿ, ಜೋರು ಗಾಳಿಯೊಂದಿಗೆ ಬರುತ್ತದೆ. ಮಧ್ಯಾಹ್ನ 2ರಿಂದ ನಿಗಾ.’ ಕಾರ್ಯದರ್ಶಿ ಇದಕ್ಕೆ ಉತ್ತರವನ್ನೇ ಕೊಡಲಿಲ್ಲ.

ಮಧ್ಯಾಹ್ನ 1.40: ಹರಿದ ಮೋಡಗಳು

ಬಯಲಿನಿಂದ ಸ್ವಯಂಸೇವಕರೊಬ್ಬರು ಫೋಟೋ ಕಳಿಸಿದರು. ಅಗಲ ಒಂದು ಕಿ.ಮೀ. ಇರಬಹುದಾದ ಮೋಡಗೋಪುರಗಳು ತೆನೆ ಬಾಗಿದ ಜೋಳದಂತೆ ಆಗ್ನೇಯಕ್ಕೆ ಒರಗಿದ್ದವು. ತುದಿ ಹತ್ತಿಯಂತೆ ಹಿಂಜಿ ಹೋಗುತ್ತಿತ್ತು. ಅಷ್ಟು ಬಾಗಲು ದೊಡ್ಡ ಗಾಳಿ ಬೇಕಿಲ್ಲ. ಸೆಕೆಂಡಿಗೆ 4 ಮೀಟರ್ ಏರುವ ಮೋಡಕ್ಕೆ 2 ಕಿ.ಮೀ. ಬೆಳೆಯಲು ಎಂಟು ನಿಮಿಷ. ಆ ಪದರದಲ್ಲಿ ಸರಾಸರಿ 3 ಮೀಟರ್ ಗಾಳಿ ವ್ಯತ್ಯಾಸವಿದ್ದರೆ ತುದಿ ಬುಡದಿಂದ ಒಂದೂವರೆ ಕಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಫೋಟೋದ ಕೆಳಗೆ ಬರೆದಿತ್ತು: ‘ಗಾಳಿ ಮೋಡ ಕಡಿದು ಹಾಕ್ತಿದೆ, ಮಳೆ ಇಲ್ಲ ಸರ್.’

ಈ ಮಾತು ಆ ಮೋಡಗಳ ಮಟ್ಟಿಗೆ ನಿಜ. ಮೋಡ ಏರುವಾಗ ಪಕ್ಕದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹಳೆಯ ಒಂದು ಅಂದಾಜಿನಲ್ಲಿ, 0.2 ಅನ್ನು ಕಿ.ಮೀ. ಲೆಕ್ಕದ ತ್ರಿಜ್ಯದಿಂದ ಭಾಗಿಸಿದಷ್ಟು ಪಾಲು ಪ್ರತಿ ಕಿ.ಮೀ.ಗೆ ಒಳಬರುತ್ತದೆ. ಅರ್ಧ ಕಿ.ಮೀ. ತ್ರಿಜ್ಯದ ಮೋಡಕ್ಕೆ ಶೇ. 40. ಶೇ. 30 ಆರ್ದ್ರತೆಯ ಒಣಗಾಳಿ ಅಷ್ಟು ನುಗ್ಗಿದರೆ ಮೋಡ ಆವಿಯಾಗಿಯೇ ತೀರುತ್ತದೆ. ಓರೆಯಾಗಿ ನಿಂತರೆ ಗಾಳಿಗೆ ಒಡ್ಡಿದ ಮೈ ಇನ್ನೂ ಹೆಚ್ಚು. ನಾಲ್ಕು ಕಿ.ಮೀ. ತ್ರಿಜ್ಯದ ಮೋಡಕ್ಕೆ ಅದೇ ಲೆಕ್ಕದಲ್ಲಿ ಶೇ. 5. ಅದರ ನಡುಭಾಗಕ್ಕೆ ಒಣಗಾಳಿ ಮುಟ್ಟುವುದೇ ಇಲ್ಲ. ಅದೂ ಬಾಗುತ್ತದೆ, ಆದರೆ ಬಾಗಿದ್ದರಿಂದ ಅದಕ್ಕೆ ಲಾಭ: ಮಳೆ ಏರುಗಾಳಿಯ ಪಕ್ಕಕ್ಕೆ ಬೀಳುತ್ತದೆ, ಒಲೆ ಆರುವುದಿಲ್ಲ. ಮಳೆ ಒಣ ಪದರದೊಳಗೆ ಬಿದ್ದು ಆವಿಯಾಗಿ ಭಾರದ ತಣ್ಣಗಾಳಿ ಕೆಳಗಿಳಿಸುತ್ತದೆ. ಸಣ್ಣ ಮೋಡ ಕೊಂದ ಗಾಳಿ, ಸಣ್ಣ ಮೋಡ ಕೊಂದ ಒಣಪದರ, ಎರಡೂ ದೊಡ್ಡ ಮೋಡದ ಕೆಲಸಗಾರರಾಗುತ್ತವೆ. ಆದ್ದರಿಂದ ಆ ಹೊತ್ತಿನಲ್ಲಿ ಕೇಳಬೇಕಿದ್ದ ಪ್ರಶ್ನೆ ಬಯಲಿನ ಮೇಲೆ ಏನಾಗುತ್ತಿದೆ ಎಂಬುದಲ್ಲ, ಅಗಲವಾದ ಮೋಡ ಹುಟ್ಟುವ ಜಾಗ ಎಲ್ಲಿದೆ ಎಂಬುದು. ಅದು ಗಾಳಿ ಸಂಧಿ. ಅಲ್ಲಿ ಎರಡು ಕಡೆಯ ಗಾಳಿ ಕೂಡಿ ಉದ್ದಕ್ಕೂ ಎತ್ತುತ್ತಿರುತ್ತದೆ.

ಎಚ್ಚರಿಕೆ ಹಿಂದಕ್ಕೆ ಪಡೆಯುವ ಸಂದೇಶ ಟೈಪ್ ಆಗಿತ್ತು. ಮುಂದಿನ ಉಪಗ್ರಹ ಚಿತ್ರ ನೋಡಿ ಕಳಿಸೋಣ ಎಂದು ತಡೆದರು. 2.15ರ ಚಿತ್ರದಲ್ಲಿ ಸಂಧಿಯ ಮೇಲೆ ಮೋಡಗಳ ಒಂದು ಗುಂಪು, ತುದಿಯ ಉಷ್ಣತೆ ಮೈನಸ್ 50ಕ್ಕಿಂತ ಕೆಳಗೆ.

3.15ರಿಂದ 4.20

ಬಯಲಿನಿಂದ 60 ಕಿ.ಮೀ. ವಾಯವ್ಯದ ಹೋಬಳಿ ಕೇಂದ್ರದಲ್ಲಿ 3.15ರ ಅಳತೆ: ಉಷ್ಣತೆ 33.5ರಿಂದ 24.5ಕ್ಕೆ, ಆಗ್ನೇಯದಿಂದ ಬೀಸುತ್ತಿದ್ದ ಗಾಳಿ ವಾಯವ್ಯದಿಂದ ಬೀಸತೊಡಗಿದೆ, ವಾಯುಭಾರ 1.4 ಹೆಕ್ಟೊಪಾಸ್ಕಲ್ ಮೇಲೆ. ಮಳೆ ಮಾಪಕದಲ್ಲಿ ಸೊನ್ನೆ. ಗಸ್ಟ್ ಫ್ರಂಟ್ ದಾಟಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಹಿ ಬೇಕಿಲ್ಲ. 35 ಕಿ.ಮೀ. ದೂರದ ಕೇಂದ್ರದಲ್ಲಿ 3.45ಕ್ಕೆ ಅದೇ ಸಹಿ. ಅರ್ಧ ಗಂಟೆಗೆ 25 ಕಿ.ಮೀ., ಅಂದರೆ ಗಂಟೆಗೆ 50.

ಈ ಒಂದೇ ಲೆಕ್ಕ ನಂಬುವಂತಿರಲಿಲ್ಲ. 15 ನಿಮಿಷಕ್ಕೊಂದು ಅಳತೆಯಲ್ಲಿ ನಿಜವಾದ ಅಂತರ 15 ನಿಮಿಷ ಇರಬಹುದು, 45 ಇರಬಹುದು. ವೇಗ 33ರಿಂದ 100ರವರೆಗೆ ಏನೂ ಆಗಬಹುದು. ಹಾಗಾಗಿ ವಾಯುಭಾರದ ದಾರಿಯಲ್ಲೂ ನೋಡಿದರು. 140 ಪಾಸ್ಕಲ್‌ಗೆ ಸೆಕೆಂಡಿಗೆ 16 ಮೀಟರ್. ಎದುರು ಬೀಸುವ 3 ಮೀಟರ್ ಕಳೆದರೆ 13, ಗಂಟೆಗೆ 47 ಕಿ.ಮೀ. ಎರಡೂ ದಾರಿ ಒಂದೇ ಕಡೆ ಬಂದು ಕೂಡಿದ ಮೇಲೆ ಬಯಲಿಗೆ ಗಾಳಿ ತಲುಪುವುದು 4.20–4.35 ಎಂದು ಬರೆಯುವ ಧೈರ್ಯ ಬಂತು.

ಗುಡುಗುಮೋಡಗಳ ಸಾಲು ದಾರಿಯಲ್ಲೇ ಸತ್ತರೆ? ಈ ಪ್ರಶ್ನೆಗೆ ತಂಡ ಹಿಡಿದದ್ದು ರೊಟುನೊ, ಕ್ಲೆಂಪ್, ವೈಸ್ಮನ್ ಎಂಬ ಹವಾಮಾನ ವಿಜ್ಞಾನಿಗಳು 1988ರಲ್ಲಿ ಮುಂದಿಟ್ಟ ವಾದ. ತಣ್ಣಗಾಳಿಯ ಅಂಚು ಎತ್ತಿದ ಗಾಳಿಯನ್ನು ಹಿಂದಕ್ಕೆ, ತನ್ನ ಬೆನ್ನ ಮೇಲಕ್ಕೆ ಮಗುಚಲು ನೋಡುತ್ತದೆ. ಕೆಳಪದರದ ಶಿಯರ್ ಅದನ್ನು ಮುಂದಕ್ಕೆ ಮಗುಚಲು ನೋಡುತ್ತದೆ. ಎರಡೂ ಸಮಬಲವಾದರೆ ಗಾಳಿ ನೆಟ್ಟಗೆ ಏಳುತ್ತದೆ, ಹಳೆಯ ಮೋಡದ ಮುಂದೆಯೇ ಹೊಸದು ಹುಟ್ಟುತ್ತ ಸಾಲು ಬಾಳುತ್ತದೆ. ಅಂದು ತಣ್ಣಗಾಳಿಯ ವೇಗ 16ಕ್ಕೆ ಶಿಯರ್ 12, ಅನುಪಾತ 1.3. ಹಿಂದಿನ ದಿನ 12ಕ್ಕೆ 3, ಅಂದರೆ 4. ಶಿಯರ್‌ನ ದಿಕ್ಕು ಆಗ್ನೇಯಕ್ಕೆ, ಸಾಲು ಅದಕ್ಕೆ ಅಡ್ಡಲಾಗಿ ಈಶಾನ್ಯ–ನೈಋತ್ಯ. ಪಶ್ಚಿಮ ಪೆಸಿಫಿಕ್‌ನಲ್ಲಿ 1992–93ರಲ್ಲಿ ನಡೆದ ಟೋಗಾ ಕೋರ್ ಎಂಬ ಸಮುದ್ರ–ವಾತಾವರಣ ಅಧ್ಯಯನದಲ್ಲೂ ಕೆಳಪದರದ ಶಿಯರ್ ಬಲವಾಗಿದ್ದ ದಿನಗಳ ಸಾಲುಗಳು ಅದಕ್ಕೆ ಹೀಗೇ ಅಡ್ಡ ನಿಂತಿದ್ದವು. ಸಾಯುವ ಲಕ್ಷಣ ಇರಲಿಲ್ಲ.

3.50ಕ್ಕೆ ಕರೆ ಹೋಯಿತು. ಈ ಸಲ ಮಳೆಯ ಮಾತೇ ಮೊದಲು ಬರಲಿಲ್ಲ. ನೆಲದ ಮೇಲಿನ ಹೊಡೆತ ಅಂಚಿನ ವೇಗದ (ಗಂಟೆಗೆ 50 ಕಿ.ಮೀ., ಅಂದರೆ ಸೆಕೆಂಡಿಗೆ 14 ಮೀಟರ್) ಒಂದೂವರೆ ಪಟ್ಟು ಎಂದು ಹಿಡಿದರೆ ಸೆಕೆಂಡಿಗೆ 21 ಮೀಟರ್. ಗಾಳಿಯ ಒತ್ತಡ ವೇಗದ ವರ್ಗದ 0.6 ಪಟ್ಟು: ಚದರ ಮೀಟರಿಗೆ 265 ನ್ಯೂಟನ್, ಸುಮಾರು 27 ಕಿಲೋ. ತೇರಿಗೆ ಸುತ್ತಿದ ಬಟ್ಟೆ 30 ಚದರ ಮೀಟರ್ ಇದ್ದರೆ ಎಂಟುನೂರು ಕಿಲೋ ಪಕ್ಕದಿಂದ ತಳ್ಳಿದ ಹಾಗೆ, ಅದೂ ಜನ ಹಗ್ಗ ಹಿಡಿದು ಎಳೆಯುತ್ತಿರುವಾಗ. ಕಾರ್ಯದರ್ಶಿ ಕೇಳಿದ್ದು ಒಂದೇ: “ನಿನ್ನೆ ಥರ ಅಲ್ಲ ತಾನೇ?” ಅಲ್ಲ, 35 ಕಿ.ಮೀ. ಆಚೆ ಅಳತೆಯಲ್ಲಿ ಸಿಕ್ಕಿದೆ, ಅಲ್ಲಿಯವರಿಗೇ ಫೋನ್ ಮಾಡಿ ಕೇಳಿ ಎಂಬ ಉತ್ತರ ಹೋಯಿತು. ಅವರು ಫೋನ್ ಮಾಡಿದರು. ಅಲ್ಲಿ ಅಂಗಡಿಯ ತಗಡು ಹಾರಿತ್ತು. ತೀರ್ಮಾನವಾದದ್ದು ಆ ಫೋನಿನಲ್ಲಿ.

ಅರ್ಚಕರು ಒಪ್ಪಿದ ಮೇಲೆ 4 ಗಂಟೆಗೆ ತೇರನ್ನು ಶಾಸ್ತ್ರಕ್ಕೆ ಐದು ಹೆಜ್ಜೆ ಎಳೆದು, ಗಾಲಿಗಳಿಗೆ ಅಡೆ ಕೊಟ್ಟು, ಬಟ್ಟೆ–ಬಾವುಟ ಬಿಚ್ಚಿದರು. ಜನರನ್ನು ಶಾಲೆಯ ಕಟ್ಟಡಕ್ಕೆ, ಸಮುದಾಯ ಭವನಕ್ಕೆ ಕಳಿಸಿದರು. ಮರದಡಿ ನಿಂತವರನ್ನು ಎಬ್ಬಿಸಲು ಪೊಲೀಸರೇ ಬೇಕಾಯಿತು. 4.20ಕ್ಕೆ ಗಾಳಿ ಬಂತು. ಹತ್ತಿರದ ಮಾಪಕದಲ್ಲಿ ಸೆಕೆಂಡಿಗೆ 21 ಮೀಟರ್. ಉಷ್ಣತೆ 33ರಿಂದ 23. ಮಳೆ ಶುರುವಾದದ್ದು 4.38ಕ್ಕೆ. ನಾಲ್ಕು ನಿಮಿಷ ಕಡಲೆಕಾಳಿನಷ್ಟು ಆಲಿಕಲ್ಲು, ಐವತ್ತು ನಿಮಿಷದಲ್ಲಿ 34 ಮಿ.ಮೀ. ಮಳೆ. ಅನುಪಾತ ಒಂದಕ್ಕಿಂತ ತುಸು ಹೆಚ್ಚಿದ್ದರಿಂದ ಸಾಲು ಹಿಂದಕ್ಕೆ ಒರಗಿತ್ತು; ಅದರ ಬಾಲದ ಸಣ್ಣಮಳೆ ಮತ್ತೆ ಒಂದೂವರೆ ಗಂಟೆ ಹಿಡಿಯಿತು. ಕೊನೆಯ ಗುಡುಗು 6.25ಕ್ಕೆ. ಅಲ್ಲಿಂದ ಅರ್ಧ ಗಂಟೆ ಕಾದು, 7ಕ್ಕೆ ಪೂರ್ತಿ ತೇರು ಎಳೆದರು.

ಉಳಿದ ಎರಡು ಲೋಪ

ಊಟದ ಪೆಂಡಾಲಿನ ಎರಡು ಕಂಬ ಮುರಿದು ಬಿದ್ದವು, ಯಾರಿಗೂ ಪೆಟ್ಟಾಗಲಿಲ್ಲ. ಅಡುಗೆಯವರಿಗೆ ಸಂದೇಶ ಬಾಯಿಂದ ಬಾಯಿಗೆ ಹೋಗುವಾಗ ‘ನಾಲ್ಕೂವರೆಗೆ ಮಳೆ’ ಎಂದಾಗಿತ್ತು. ಮಳೆ ಎಂದ ಕೂಡಲೇ ಅವರು ಮಾಡಿದ್ದು ಯಾರೇ ಆದರೂ ಮಾಡುವುದನ್ನೇ: ಎರಚಲು ಒಳಬಾರದಂತೆ ಪಕ್ಕದ ಪರದೆಗಳನ್ನು ಇಳಿಸಿ ಬಿಗಿಯಾಗಿ ಕಟ್ಟಿದರು. ಪೆಂಡಾಲ್ ಹಾಯಿಯಾಯಿತು. ಮಳೆಗೆ ಬೇಕಾದ್ದು ಪರದೆ ಕಟ್ಟುವುದು, ಗಾಳಿಗೆ ಬೇಕಾದ್ದು ಬಿಚ್ಚುವುದು. ಆಮೇಲಿನಿಂದ ತಂಡ ಶಿಯರ್ ಹೆಚ್ಚಿರುವ ದಿನಗಳಲ್ಲಿ ಗಾಳಿಗೂ ಮಳೆಗೂ ಬೇರೆ ಬೇರೆ ಸಂದೇಶ ಕಳಿಸುತ್ತದೆ. ಗಾಳಿಯದರಲ್ಲಿ ಮಳೆ ಎಂಬ ಪದ ಇರುವುದಿಲ್ಲ.

ಎರಡನೆಯದು ಎಚ್ಚರಿಕೆಯ ಅತಿ. ಆಗ್ನೇಯಕ್ಕೆ ಇನ್ನೂ 50 ಕಿ.ಮೀ. ಆಚೆ ಒಂದು ಸಂತೆ ಇತ್ತು. ತಂಡ ಅದೇ ವೇಗ, ಅದೇ ಅನುಪಾತ ಹಿಡಿದು 5.20ಕ್ಕೆ ಅಲ್ಲಿಗೂ ಇಂಥದೇ ಹೊಡೆತ ಎಂದು ಹೇಳಿತು. ಸಂತೆ ಅವಸರದಲ್ಲಿ ಎದ್ದಿತು. ಶಿಯರ್ ಅಲ್ಲಿಯೂ ಅಷ್ಟೇ ಇತ್ತು. ಆದರೆ ಮೇಲಿನ ಪಶ್ಚಿಮ ಗಾಳಿ ಸಾಲಿನ, ಕಮ್ಮಾರನ ಅಡಿಗಲ್ಲಿನಾಕಾರದ ತುದಿಮೋಡವನ್ನು ಮುಂದಕ್ಕೆ ಚಾಚಿ, ಸಾಲು ತಲುಪುವ ಮೊದಲೇ ಆ ಊರಿನ ಮೇಲೆ ನೆರಳು ಹಾಸಿತ್ತು. ನೆಲ 29 ಡಿಗ್ರಿಯಲ್ಲೇ ನಿಂತಿತ್ತು, ಇಬ್ಬನಿ ಬಿಂದು 15. ಎತ್ತಿದ ಗಾಳಿ ತಡೆಪದರ ದಾಟಿ ಮೇಲೇರುವಷ್ಟು ಶಕ್ತಿ ಅಲ್ಲಿ ಉಳಿದಿರಲಿಲ್ಲ. ಹೋಬಳಿ ಕೇಂದ್ರದ ಮಧ್ಯಾಹ್ನದ ಉಷ್ಣತೆ ತೆರೆಯ ಮೇಲೇ ಇತ್ತು; ವಾಯವ್ಯ ಕಡೆಯ ಅಂಕಿಗಳನ್ನು ನೋಡುತ್ತಿದ್ದವರು ಆ ಕಡೆ ತಿರುಗಲಿಲ್ಲ. ಸಂತೆಗೆ ತಲುಪಿದ್ದು 5.40ಕ್ಕೆ, ಸೆಕೆಂಡಿಗೆ 6 ಮೀಟರ್ ಗಾಳಿ ಮತ್ತು ಒಂದಿಷ್ಟು ದೂಳು.